ಗಾಜಿನ ಕಣ್ಣಿಗೆ ಬರೆದ ನಂಬರ್

ಜನವರಿ 22, ಗುರುವಾರ

ಗಾಜಿನ ಕಣ್ಣಿಗೆ ನಂಬರ್ ಬರೆದು ಫೇಲಾದವಳು ಈ ಕಾಲೇಜಿನ ಚರಿತ್ರೆಯಲ್ಲಿ ನಾನೊಬ್ಬಳೇ ಇರಬೇಕು. ಡಿಸೆಂಬರಿನಲ್ಲಿ ಆದದ್ದು. ಇವತ್ತಿಗೂ ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತದೆ.

ಪ್ರಾಕ್ಟಿಕಲ್ ಪರೀಕ್ಷೆ, ನಮ್ಮ ಅಧ್ಯಾಪಕಿ ಡಾಕ್ಟರ್ ಶೆನ್ ಅವರ ಕೋಣೆ. ಕುರ್ಚಿಯಲ್ಲಿ ನರೆಗೂದಲಿನ ಸಭ್ಯ ಮನುಷ್ಯರೊಬ್ಬರು. ನನ್ನ ಕೈಯಲ್ಲಿ ರೆಟಿನೋಸ್ಕೋಪ್. ನನ್ನ ಗಂಡ ಪ್ರಸಾದ್ ಅದನ್ನು ‘ನಿನ್ನ ದುಬಾರಿ ಟಾರ್ಚು’ ಅನ್ನುತ್ತಾನೆ. ಅದರ ಬೆಳಕಿನ ಗೆರೆಯನ್ನು ಪಾಪೆಯ ಮೇಲೆ ಆಚೀಚೆ ಆಡಿಸಿದರೆ ಒಳಗೊಂದು ಕೆಂಪು ಹೊಳಪು ಅಲುಗುತ್ತದೆ. ಅದು ಅಲುಗುವುದು ನಿಲ್ಲುವ ತನಕ ಲೆನ್ಸ್ ಬದಲಿಸುತ್ತಾ ಹೋದರೆ ಆ ಕಣ್ಣಿಗೆ ಬೇಕಾದ ಕನ್ನಡಕದ ನಂಬರ್ ಸಿಗುತ್ತದೆ. ರೋಗಿ ಬಾಯಿ ಬಿಡುವುದೇ ಬೇಡ. ಬಲಗಣ್ಣು ಸಲೀಸಾಗಿ ಆಯಿತು. ಎಡಗಣ್ಣಿನಲ್ಲಿ ಹೊಳಪೇ ಕಾಣಲಿಲ್ಲ. ನನ್ನ ಕೈಯೇ ಸರಿಯಿಲ್ಲ, ಟೈಮ್ ಬೇರೆ ಓಡುತ್ತಿದೆ ಅಂದುಕೊಂಡು ಬಲಗಣ್ಣಿನ ನಂಬರಿಗೇ ಕಾಲು ಕೂಡಿಸಿ ಬರೆದುಬಿಟ್ಟೆ.

ಡಾಕ್ಟರ್ ಶೆನ್ ಹಾಳೆ ನೋಡಿದರು. “ಅಕ್ಷತಾ, ನಂಬರ್ ಅಚ್ಚುಕಟ್ಟಾಗಿದೆ. ಆದರೆ ಆ ಕಡೆ ಕಣ್ಣೇ ಇಲ್ಲವಲ್ಲ” ಎಂದರು. ಕೂತಿದ್ದ ಆ ಮನುಷ್ಯ, ಪಾಪ, ನನ್ನ ಪರವಾಗಿ ತಾವೇ ನಾಚಿಕೊಂಡರು.

ಏಪ್ರಿಲ್‌ನಲ್ಲಿ ಇನ್ನೊಂದು ಅವಕಾಶ. ಅದೂ ಹೋದರೆ ಸೀಟು ಹೋಯಿತು, ಮತ್ತೆ ಕೇಳುವ ಹಾಗಿಲ್ಲ. ಬೆಂಗಳೂರಿನ ಕಣ್ಣಾಸ್ಪತ್ರೆಯಲ್ಲಿ ವರ್ಷಗಟ್ಟಲೆ ಕಣ್ಣು ಪರೀಕ್ಷೆ ಮಾಡಿದವಳು ಇಲ್ಲಿ ರೂಟ್ ಒನ್ ಹೆದ್ದಾರಿಯ ಕನ್ನಡಕದ ಅಂಗಡಿಯಲ್ಲಿ ಫ್ರೇಮ್ ಒರೆಸಿಕೊಂಡಿದ್ದೆ. ರೋಗಿಯ ಕಣ್ಣು ಮುಟ್ಟಲು ಲೈಸೆನ್ಸ್ ಬೇಕು, ಲೈಸೆನ್ಸಿಗೆ ಈ ಕಾಲೇಜು ಮುಗಿಸಬೇಕು. ಈ ಸೀಟು ಕಳೆದುಕೊಂಡರೆ ಮತ್ತೆ ಫ್ರೇಮ್ ಒರೆಸುವುದೇ.

ಇದನ್ನೆಲ್ಲ ನ್ಯೂಯಾರ್ಕಿನ ಕಾಲೇಜಿಗೆ ಹೋಗುವ ಟ್ರೈನಿನಲ್ಲಿ ಕೂತು ಬರೆಯುತ್ತಿದ್ದೇನೆ. ಕನ್ನಡದಲ್ಲಿ ಬರೆದರೆ ಪಕ್ಕದವರು ಎಷ್ಟು ಇಣುಕಿದರೂ ಚಿಂತೆಯಿಲ್ಲ.

ಜನವರಿ 29, ಗುರುವಾರ

ಗ್ರಹಚಾರ ನೋಡಿ. ಡಾಕ್ಟರ್ ಶೆನ್ ಕೂಡ ಪ್ರಿನ್ಸ್‌ಟನ್ ಜಂಕ್ಷನ್‌ನಲ್ಲೇ ಹತ್ತುತ್ತಾರೆ. ಮನೆ ವೆಸ್ಟ್ ವಿಂಡ್ಸರ್‌ನಲ್ಲಂತೆ. ಇಷ್ಟು ದಿನ ನಾನು ಕೊನೆಯ ಡಬ್ಬಿಗೆ ಹತ್ತುತ್ತಿದ್ದದ್ದರಿಂದ ಗೊತ್ತಾಗಿರಲಿಲ್ಲ. ಇವತ್ತು ಚಳಿಗೆ ಹೆದರಿ ಎದುರಿಗೆ ಬಂದ ಡಬ್ಬಿಗೆ ನುಗ್ಗಿದರೆ ಅಲ್ಲಿ ಅವರು. ಪಕ್ಕದ ಸೀಟಿನಿಂದ ಚೀಲ ತೆಗೆದು ಕೂರು ಎಂದು ಸನ್ನೆ ಮಾಡಿದರು.

“ನಿನ್ನೆ ಕ್ಲಿನಿಕ್‌ನಲ್ಲಿ ಆ ಮಗುವಿನ ಹೊಳಪು ಕಂಡಿತೇ?” ಎಂದರು.

“ಕಂಡಿತು ಡಾಕ್ಟರ್.”

ಕಂಡಿರಲಿಲ್ಲ. ಏನು ಮಾಡಲಿ, ಬಾಯಿಗೆ ಮೊದಲು ಬರುವುದೇ ಅದು. ಅವರು ನೂವರ್ಕ್ ದಾಟುವಾಗ ಕಿತ್ತಳೆಹಣ್ಣು ಸುಲಿದು ಅರ್ಧ ನನ್ನ ಕೈಗಿಟ್ಟರು. ನನಗೆ ಕಿತ್ತಳೆ ಆಗುವುದಿಲ್ಲ, ಗಂಟಲು ಹಿಡಿಯುತ್ತದೆ. ತಿಂದೆ.

ಸಂಜೆ ಪ್ರಸಾದ್, “ಶನಿವಾರ ನಮ್ ಆಫೀಸಿನ ನಾಲ್ಕು ಫ್ಯಾಮಿಲೀನ ಊಟಕ್ಕೆ ಕರೀಲಾ? ನಿನಗೆ ಓದೋದಿದ್ರೆ ಬೇಡ” ಅಂದ. ಆಯ್ತು ಅಂದೆ. ಓದುವುದು ರಾಶಿ ಇತ್ತು.

ಫೆಬ್ರವರಿ 8, ಭಾನುವಾರ

ಏಪ್ರಿಲ್ ಪರೀಕ್ಷೆಗೆ ಶೆನ್ ಅವರದೊಂದು ಕಟ್ಟುನಿಟ್ಟು. ಪ್ರತಿಯೊಬ್ಬ ವಿದ್ಯಾರ್ಥಿಯೂ ಇಂಗ್ಲಿಷ್ ಅಕ್ಷರ ಓದಲು ಬಾರದ ಒಬ್ಬ ಹಿರಿಯರನ್ನು ಕರೆತರಬೇಕು. ನ್ಯೂಯಾರ್ಕಿನಲ್ಲಿ ನಿಮ್ಮ ಮುಂದೆ ಕೂರುವ ಅರ್ಧ ಜನ ಅಂಥವರೇ ಅನ್ನುತ್ತಾರೆ. ನನಗೆ ಹುಡುಕುವ ತಾಪತ್ರಯವಿಲ್ಲ. ನಮ್ಮತ್ತೆ ಶೈಲಮ್ಮ ದೀಪಾವಳಿ ಮುಗಿಸಿಕೊಂಡು ಹುಬ್ಬಳ್ಳಿಯಿಂದ ಬಂದಿದ್ದಾರೆ. ಅಲ್ಲಿ ಮಗಳು ಸಿಂಧು ಮನೆಯಲ್ಲಿರುತ್ತಾರೆ. ಓದಿದ್ದು ಏಳನೇ ತರಗತಿವರೆಗೆ, ಕನ್ನಡ ಶಾಲೆಯಲ್ಲಿ; ಇಂಗ್ಲಿಷ್ ಬಾರದು.

ಕೆಂಡಲ್ ಪಾರ್ಕಿನ ನಮ್ಮ ಅಪಾರ್ಟ್‌ಮೆಂಟಿನ ಕಾರಿಡಾರ್ ಗೋಡೆಗೆ ಶೆನ್ ಹಂಚಿದ ಚಾರ್ಟ್ ಅಂಟಿಸಿದೆ. ಅದರಲ್ಲಿರುವುದು ಒಂದೇ ಆಕಾರ, ಮೂರು ಕಾಲಿನ E. ಒಂದರ ಕಾಲು ಮೇಲಕ್ಕೆ, ಒಂದರದು ಕೆಳಕ್ಕೆ, ಎಡಕ್ಕೆ, ಬಲಕ್ಕೆ. ಸಾಲು ಇಳಿದಂತೆ ಚಿಕ್ಕದಾಗುತ್ತವೆ. ಕಾಲು ಯಾವ ಕಡೆಗಿದೆಯೋ ಆ ಕಡೆ ರೋಗಿ ಕೈ ತೋರಿಸಿದರಾಯಿತು.

ಅತ್ತೆ ಮೊದಲ ದಿನ ಬಲಗಣ್ಣಿನಲ್ಲಿ ತಡವರಿಸಿದರು. ಹೊಸತಲ್ಲವೇ, ಗಾಬರಿ ಅಂದುಕೊಂಡೆ. ಎಡಗಣ್ಣಿನಲ್ಲಿ ಕೊನೆಯ ಸಾಲಿನ ತನಕ ಸರಾಗ. ಲೆನ್ಸ್ ಹಾಕಿ, “ಅತ್ತೆ, ಇದು ಚೆನ್ನಾಗಿದೆಯಾ, ಇದು ಚೆನ್ನಾಗಿದೆಯಾ?” ಎಂದು ಕೇಳಿದರೆ, “ಎರಡೂ ಚಲೋ ಅದಾವ ಬಿಡವಾ” ಅಂದರು.

“ಒಂದು ಹೇಳಬೇಕು ಅತ್ತೆ.”

“ನಿನಗ ಯಾವ್ದು ಬೇಕು ಹೇಳು, ಅದನ್ನ ಅಂತೇನಿ.”

ಇಂಥ ರೋಗಿಯನ್ನಿಟ್ಟುಕೊಂಡು ಲೈಸೆನ್ಸ್ ತೆಗೆದುಕೊಂಡ ಹಾಗೇ!

ಫೆಬ್ರವರಿ 19, ಗುರುವಾರ

ಇವತ್ತು ಸಿಗ್ನಲ್ ಕೆಟ್ಟು ಟ್ರೈನು ಮೆಟ್ರೋಪಾರ್ಕ್ ಹತ್ತಿರ ನಿಂತೇಬಿಟ್ಟಿತು. ಶೆನ್ ಬೇಜಾರಿಗೆ ಮಾತಾಡಿದರು. ಅಥವಾ ನಾನು ಕೇಳಿದೆ: ನೀವು ಆಪರೇಷನ್ ಮಾಡುವ ಡಾಕ್ಟರಾಗಿದ್ದಿರಂತೆ, ಬಿಟ್ಟದ್ದೇಕೆ?

ಚೀನಾದ ಝೆಜಿಯಾಂಗ್‌ನ ಒಂದು ಜಿಲ್ಲಾಸ್ಪತ್ರೆಯಲ್ಲಿ ಅವರು ಕಣ್ಣಿನ ಸರ್ಜನ್. ಕೈಗುಣ ಚೆನ್ನಾಗಿತ್ತಂತೆ. ಒಮ್ಮೆ ಶಾಲಾ ತಪಾಸಣೆಗೆ ಬೆಟ್ಟದ ಮೇಲಿನ ಹಳ್ಳಿಗೆ ಕಳಿಸಿದರು. ಎಲ್ಲ ಮಕ್ಕಳೂ E ಚಾರ್ಟಿನ ಕೊನೆಯ ಸಾಲಿನವರೆಗೆ ಪಟಪಟನೆ ಕೈ ತೋರಿಸಿದರು. ಪಾಠದ ಪುಸ್ತಕವನ್ನು ಮೂಗಿಗೆ ತಾಗಿಸಿಕೊಂಡು ಓದುವ ಮಕ್ಕಳು! ಶೆನ್ ಏನೂ ಹೇಳದೆ ಎದ್ದು ಚಾರ್ಟನ್ನು ತಲೆಕೆಳಗು ಮಾಡಿ ತೂಗುಹಾಕಿದರು. ಮಕ್ಕಳ ಕೈ ಮತ್ತೆ ಅದೇ ಕ್ರಮದಲ್ಲಿ ಆಡಿದವು. ಒಳ್ಳೆಯ ಕಣ್ಣಿರುವ ಶಾಲೆಗೆ ಕೆಂಪು ಬಾವುಟದ ಬಹುಮಾನವಿತ್ತಂತೆ, ಹೆಡ್‌ಮಾಸ್ಟರು ಹಾಡಿನ ಹಾಗೆ ಬಾಯಿಪಾಠ ಮಾಡಿಸಿದ್ದರು.

“ನಾನು ಇದ್ದದ್ದನ್ನು ಇದ್ದ ಹಾಗೆ ಬರೆದೆ. ಹೆಡ್‌ಮಾಸ್ಟರ ಕೆಲಸ ಹೋಯಿತು. ನಮ್ಮ ಆಸ್ಪತ್ರೆಗೂ ನನ್ನ ಮೇಲೆ ಸಿಟ್ಟು ಬಂತು. ಆದರೆ ತಮಾಷೆ ಅದಲ್ಲ. ಆ ಮಕ್ಕಳಿಗೆಲ್ಲ ಕನ್ನಡಕ ಬೇಕಿತ್ತು, ಇಡೀ ಜಿಲ್ಲೆಯಲ್ಲಿ ಕಣ್ಣು ಸರಿಯಾಗಿ ಅಳೆಯಲು ಬರುವವರು ಯಾರೂ ಇರಲಿಲ್ಲ. ನನಗೂ ಬರುತ್ತಿರಲಿಲ್ಲ. ಕತ್ತರಿಸಲು ಮಾತ್ರ ಬರುತ್ತಿತ್ತು.”

ಹಾಗೆ ಕಲಿಯಲು ಕೂತರು, ಕಲಿಸಲು ನಿಂತರು. ಎರಡು ಕೋಣೆಯಲ್ಲಿ ಶುರುವಾದ ತರಗತಿ ಆಮೇಲೆ ಕಾಲೇಜಿನ ಒಂದು ವಿಭಾಗವೇ ಆಯಿತಂತೆ. ಚಾಕು ಬಿಟ್ಟು ಚಷ್ಮಾ ಅಂಗಡಿ ಇಟ್ಟಳು ಎಂದು ಜೊತೆಯವರು ನಕ್ಕರು, ತಾಯಿ ಅತ್ತರು. ನಲವತ್ತು ದಾಟಿದ ಮೇಲೆ ಇಲ್ಲಿಗೆ ಬಂದಾಗ ಅಲ್ಲಿಯ ಯಾವ ಡಿಗ್ರಿಯೂ ನಡೆಯಲಿಲ್ಲ. ತಮ್ಮ ಮಕ್ಕಳ ವಯಸ್ಸಿನವರ ಜೊತೆ ಬೆಂಚಿನಲ್ಲಿ ಕೂತು ಎಲ್ಲ ಮೊದಲಿನಿಂದ ಓದಿದರು. ಈಗ ಚೀನಾದ ವಿದ್ಯಾರ್ಥಿಗಳು ಅವರನ್ನು ‘ಶೆನ್ ಲಾವೋಷಿ’, ಶೆನ್ ಮೇಷ್ಟ್ರೇ, ಎಂದು ಬಗ್ಗಿ ಮಾತಾಡಿಸುತ್ತಾರೆ.

ಡಿಸೆಂಬರಿನಿಂದ ಅವರನ್ನು ಮನಸ್ಸಿನಲ್ಲೇ ಗಂಟುಮೋರೆ ಮುದುಕಿ ಎಂದು ಬೈದುಕೊಳ್ಳುತ್ತಿದ್ದೆ. ಇವತ್ತು ಬೈಯಲು ಆಗಲಿಲ್ಲ. ಸಿಟ್ಟಂತೂ ಹೋಗಿಲ್ಲ.

ಫೆಬ್ರವರಿ 20, ಶುಕ್ರವಾರ

ಊಟಕ್ಕೆ ಕೂತಾಗ ಆ ಶಾಲೆಯ ಕತೆ ಹೇಳಿದೆ. ಪ್ರಸಾದ್ ಬಿದ್ದು ಬಿದ್ದು ನಕ್ಕ. ಅತ್ತೆ ನಗಲಿಲ್ಲ. ರೊಟ್ಟಿ ಮುರಿಯುತ್ತಾ ಕೂತಿದ್ದವರು, “ಆ ಹುಡುಗರಿಗೆ ಬೈದ್ರೇನು?” ಎಂದು ಕೇಳಿದರು.

“ಮಕ್ಕಳಿಗೆ ಯಾಕೆ ಬೈತಾರೆ ಅತ್ತೆ? ಬೈದದ್ದು ಹೆಡ್‌ಮಾಸ್ಟರಿಗೆ.”

“ಪಾಪ, ಅವರೂ ಸಾಲಿ ಮರ್ಯಾದಿ ಉಳೀಲಂತನ ಮಾಡ್ಯಾರ” ಅಂದರು. ಅತ್ತೆಯ ಕರುಣೆ ಯಾರ ಕಡೆಗೆ ಹರಿಯುತ್ತದೋ ಹೇಳಲಾಗದು.

ಮಾರ್ಚ್ 11, ಬುಧವಾರ

ಅತ್ತೆ ಈಗ ನನ್ನ ಅತ್ಯುತ್ತಮ ಪೇಶಂಟ್. ಎರಡೂ ಕಣ್ಣು ಕೊನೆಯ ಸಾಲಿನ ತನಕ. ಟಾರ್ಚಿನಲ್ಲಿ ಸಿಗುವ ನಂಬರಿಗೂ ಅವರ ಕೈ ಹೇಳುವುದಕ್ಕೂ ಸರಿಹೊಂದುತ್ತದೆ. ನನ್ನ ಕೈ ಕುದುರುತ್ತಿದೆ ಅನ್ನಿಸಿ ಖುಷಿಯಾಯಿತು.

ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬರುವಾಗ ಕಾರಿಡಾರಿನಲ್ಲಿ ಒಬ್ಬರೇ ನಿಂತು ಕೈಯನ್ನು ಮೇಲೆ ಕೆಳಗೆ ತಿರುವುತ್ತಿದ್ದರು. ಭುಜದ ನೋವಿಗೆ ವ್ಯಾಯಾಮವಂತೆ. ಚಹಾ ಸೋಸುವಾಗ ತಲೆ ಓರೆ ಮಾಡಿಕೊಂಡು ಸೋಸುತ್ತಾರೆ. ಆದರೂ ಕಟ್ಟೆಯ ಮೇಲೆ ಚೆಲ್ಲಿತ್ತು. ಒರೆಸಿದೆ.

ಮಾರ್ಚ್ 26, ಗುರುವಾರ

ಶೆನ್ ಈ ಮೇ ತಿಂಗಳಿಗೆ ನಿವೃತ್ತರಾಗುತ್ತಾರೆ. ಅವರ ಕೋಣೆಯ ಪರೀಕ್ಷೆಯೂ ಅವರೊಂದಿಗೇ ಮುಗಿಯುತ್ತದೆ. ಮುಂದಿನ ಬ್ಯಾಚಿನಿಂದ ಕೈಯಿಂದ ಅಳೆಯುವುದನ್ನು ಒಂದು ವಾರ ಹೇಳಿಕೊಟ್ಟು ಬಿಟ್ಟುಬಿಡುತ್ತಾರಂತೆ, ಮಿಕ್ಕಿದ್ದು ಯಂತ್ರ ನೋಡಿಕೊಳ್ಳುತ್ತದೆ. “ಯಂತ್ರ ಒಳ್ಳೆಯದೇ. ನನಗಿಂತ ಬೇಗ ಅಳೆಯುತ್ತದೆ” ಎಂದರು. ಮುಖ ಕಿಟಕಿಯ ಕಡೆಗಿತ್ತು.

ಸ್ವಲ್ಪ ಹೊತ್ತಿಗೆ ನನ್ನ ಈ ಪುಸ್ತಕದೊಳಗೆ ನಾಚಿಕೆಯಿಲ್ಲದೆ ಇಣುಕಿ, “ನಿಮ್ಮ ಅಕ್ಷರಗಳಿಗೆಲ್ಲ ತಲೆಯ ಮೇಲೆ ಒಂದೇ ತರಹದ ಕೊಂಡಿ. ಇದರಲ್ಲಿ ಕಣ್ಣಿನ ಚಾರ್ಟ್ ಮಾಡಿದರೆ ಗೋಳು” ಅಂದರು. ತಲಕಟ್ಟಿನ ಬಗ್ಗೆ ಯಾರೂ ಹೀಗೆ ದೂರಿದ್ದು ನಾನು ಕೇಳಿರಲಿಲ್ಲ. ಇಬ್ಬರೂ ನಕ್ಕೆವು.

ಮಧ್ಯಾಹ್ನ ಕ್ಲಿನಿಕ್‌ನಲ್ಲಿ ಒಬ್ಬ ಅಜ್ಜನ ಎಡಗಣ್ಣು. ಹೊಳಪು ಕಂಡಿತೇ ಎಂದರು ಶೆನ್. ಇಲ್ಲ ಎಂದೆ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು, ನನ್ನ ಮಣಿಕಟ್ಟು ಹಿಡಿದು ತೋರಿಸಿದರು. ಇದರಿಂದಾಗಿ ದಿನದ ಟ್ರೈನು ತಪ್ಪಿ, ಮನೆಗೆ ತಡವಾಗಿ, ಸಾರು ಹೊಸದಾಗಿ ಮಾಡಲಾಗದೆ ಎಲ್ಲರೂ ಮೊಸರನ್ನ ತಿಂದೆವು.

ಏಪ್ರಿಲ್ 16, ಗುರುವಾರ

ನಾಳೆ ಪರೀಕ್ಷೆ. ನನಗಿಂತ ಅತ್ತೆಗೇ ಹೆಚ್ಚು ಭಯ. ಇಳಕಲ್ ಸೀರೆ ತೆಗೆದಿಟ್ಟಿದ್ದಾರೆ. ದೇವರ ಮುಂದೆ ಕೂತು ವಿಭೂತಿ ಹಚ್ಚಿಕೊಂಡು, “ನನ್ನ ಕೈಲೆ ತಪ್ಪಾಗದಂಗ ನೋಡಪ್ಪ” ಅನ್ನುತ್ತಿದ್ದರು.

“ಅತ್ತೆ, ಪರೀಕ್ಷೆ ನಂದು. ನೀವು ಸುಮ್ಮನೆ ಕೂತರೆ ಸಾಕು.”

“ಅದೆಂಗ ಸುಮ್ನ ಕುಂದರೂದು? ನಾ ತಪ್ಪು ಹೇಳಿದ್ರ ನೀ ನಪಾಸು ಆಗೂದಿಲ್ಲೇನು?”

ನನಗೆ ಊಟ ಸೇರಲಿಲ್ಲ. ಪ್ರಸಾದ್ ಬೆನ್ನು ನೀವಿ, “ಪಾಸಾಗ್ತೀಯ ಬಿಡು” ಅಂದ. ಪಾಸಾಗದಿದ್ದರೆ ಅಂತ ಯಾರೂ ಬಾಯಿ ಬಿಡುವುದಿಲ್ಲ. ನನಗೆ ಅದೊಂದೇ ಕಾಣುತ್ತಿದೆ.

ಏಪ್ರಿಲ್ 17, ಶುಕ್ರವಾರ

ಬರೆಯಲು ಆಗುತ್ತಿಲ್ಲ.

ಏಪ್ರಿಲ್ 18, ಶನಿವಾರ

ನಿನ್ನೆಯದನ್ನು ಬರೆದುಬಿಡುತ್ತೇನೆ. ಇಲ್ಲದಿದ್ದರೆ ತಲೆಯೊಳಗೇ ಗಿರಕಿ ಹೊಡೆಯುತ್ತದೆ.

ಶೆನ್ ಅವರ ಪರೀಕ್ಷೆಯ ಕೋಣೆ ಚಿಕ್ಕದು. ಚಾರ್ಟನ್ನು ಎದುರಿಗಿಡಲು ದೂರ ಸಾಲುವುದಿಲ್ಲ. ಹಾಗಾಗಿ ಅದನ್ನು ರೋಗಿಯ ಕುರ್ಚಿಯ ಹಿಂದೆ, ತಲೆಗಿಂತ ಮೇಲೆ ತೂಗುಹಾಕಿ ಎದುರುಗೋಡೆಯ ಕನ್ನಡಿಯಲ್ಲಿ ನೋಡಿಸುತ್ತಾರೆ. ಮನೆಯಲ್ಲಿದ್ದ ಚಾರ್ಟೇ ಇಲ್ಲಿಯೂ. ಕನ್ನಡಿಯಲ್ಲಿ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ, ಮೇಲೆ ಕೆಳಗೆ ಮಾತ್ರ ಹಾಗೇ ಇರುತ್ತವೆ. ಇದು ನನಗೆ ಗೊತ್ತು, ಅತ್ತೆಗೆ ಹೇಳಬೇಕಾದ ಅಗತ್ಯವಿಲ್ಲ. ಕಂಡದ್ದನ್ನು ತೋರಿಸಿದರಾಯಿತು.

ಶೆನ್ ಮತ್ತು ಇನ್ನೊಬ್ಬ ಪರೀಕ್ಷಕರು ಹಿಂದೆ ನಿಂತರು. ಪರೀಕ್ಷಕರು ಮಾತಾಡುವ ಹಾಗಿಲ್ಲ. ಟಾರ್ಚಿನ ಕೆಲಸ ಎರಡು ಕಣ್ಣಿಗೂ ಮುಗಿಸಿದೆ. ಹೊಳಪು ಕಂಡಿತು, ನಿಂತಿತು. ಆಮೇಲೆ ಅತ್ತೆಯ ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಚಾರ್ಟ್ ನೋಡಿ ಎಂದೆ.

ಮೇಲೆ, ಸರಿ. ಬಲ, ತಪ್ಪು. ಕೆಳಗೆ, ಸರಿ. ಎಡ, ತಪ್ಪು. ಬಲ, ತಪ್ಪು. ಮೇಲೆ, ಸರಿ.

ಕಣ್ಣು ಮಂಜಾದವರು ಹೀಗೆ ತಪ್ಪುವುದಿಲ್ಲ. ಅವರ ತಪ್ಪು ಅಡ್ಡಾದಿಡ್ಡಿಯಾಗಿರುತ್ತದೆ. ಇಲ್ಲಿ ಮೇಲೆ ಕೆಳಗೆ ಒಂದೂ ತಪ್ಪಿಲ್ಲ, ಎಡ ಬಲ ಒಂದೂ ಸರಿಯಿಲ್ಲ. ಅತ್ತೆಯ ಕೈ ಹೇಳುತ್ತಿದ್ದದ್ದು ಈ ಕೋಣೆಯ ಚಾರ್ಟನ್ನಲ್ಲ, ಕೆಂಡಲ್ ಪಾರ್ಕಿನ ಗೋಡೆಯ ಮೇಲಿನದನ್ನು.

ಹಾಳೆಯಲ್ಲಿ ಬಲಗಣ್ಣಿನ ಖಾನೆ ಖಾಲಿ ಇತ್ತು. ಟಾರ್ಚಿನ ನಂಬರ್ ಸರಿಯಾಗಿದೆ, ಎರಡು ತಿಂಗಳಿಂದ ಬರೆಯುತ್ತಿದ್ದದ್ದನ್ನೇ ಬರೆದರೆ ಮುಂದಕ್ಕೆ ಹೋಗಬಹುದಿತ್ತು. ಇನ್ನೂ ಎಡಗಣ್ಣು, ಆಮೇಲೆ ಓದುವ ಕನ್ನಡಕ, ಆಮೇಲೆ ಕಣ್ಣಿನೊಳಗಿನ ಒತ್ತಡ ನೋಡಬೇಕು. ಗಡಿಯಾರ ಓಡುತ್ತಿತ್ತು. ಇವೆಲ್ಲ ಆಗ ಯೋಚಿಸಿದ್ದೋ ಈಗ ಹೊಳೆಯುತ್ತಿರುವುದೋ ಗೊತ್ತಿಲ್ಲ. ಪೆನ್ನು ಕೆಳಗಿಟ್ಟು ಅತ್ತೆಯ ಎದುರು ಮೊಣಕಾಲೂರಿ ಕೂತಿದ್ದಂತೂ ನೆನಪಿದೆ.

“ಅತ್ತೆ, ಎಡಗಣ್ಣು ಮುಚ್ಚಿಕೊಂಡೇ ಇರಿ. ನನ್ನ ಮುಖ ಕಾಣುತ್ತಾ?”

ಸೆರಗು ಸರಿಮಾಡಿಕೊಂಡರು.

“ಅತ್ತೆ.”

“ಕಿವಿ ಕಾಣಸ್ತಾವ” ಅಂದರು. “ಓಲೆ ಕಾಣಸ್ತಾವ. ಮಾರಿ ಕಾಣವಲ್ದು.”

“ಯಾವಾಗಿನಿಂದ?”

“ದೀಪಾವಳಿಯಿಂದ. ನಡುವ ಒಂದು ಕಪ್ಪು ಕುಂತೈತಿ. ಎರಡೂ ಕಣ್ಣು ಬಿಟ್ರ ಗೊತ್ತಾಗೂದಿಲ್ಲವಾ. ಅದಕ್ಕ ಹೇಳ್ಲಿಲ್ಲ. ಆಮ್ಯಾಲ ನಿನ್ನ ಪರೀಕ್ಷಾ ಬಂತು. ಕೆಟ್ಟ ಕಣ್ಣು ಕೊಟ್ರ ನಿನಗ ಮಾರ್ಕ್ಸ ಕಡಿಮಿ ಕೊಡ್ತಾರಂತ ನೋಡಿ ನೋಡಿ ಕಲ್ತೆ.”

ಎದ್ದು ತಿರುಗಿ ಪರೀಕ್ಷಕರಿಗೆ ಇಂಗ್ಲಿಷಿನಲ್ಲಿ ಹೇಳಿದೆ: ಈ ಕಣ್ಣಿಗೆ ನಾನು ನಂಬರ್ ಬರೆಯುವುದಿಲ್ಲ, ರೋಗಿ ಚಾರ್ಟನ್ನು ಬಾಯಿಪಾಠ ಮಾಡಿದ್ದಾರೆ, ಕಣ್ಣಿನ ನಡುಭಾಗದ ದೃಷ್ಟಿ ಹೋಗಿದೆ, ಇವರನ್ನು ಈಗಲೇ ಮೇಲಿನ ಮಹಡಿಯ ರೆಟಿನಾ ಡಾಕ್ಟರಿಗೆ ತೋರಿಸಬೇಕು. ಶೆನ್ ಮುಖದಲ್ಲಿ ಏನೂ ಇರಲಿಲ್ಲ. ಬಾಗಿಲು ಮಾತ್ರ ತೆರೆದು ಹಿಡಿದರು. ಲಿಫ್ಟ್ ಹತ್ತುವಾಗ ಪರೀಕ್ಷೆ ಮುಗಿದ ಗಂಟೆ ಕೇಳಿಸಿತು.

ಸ್ಕ್ಯಾನ್‌ನಲ್ಲಿ ಎದ್ದು ಕಂಡಿತು. ಕಣ್ಣಿನ ಹಿಂಪರದೆಯಲ್ಲಿ, ನೇರ ನೋಟ ಬೀಳುವ ಜಾಗದಲ್ಲಿಯೇ ಒಂದು ತೂತು. ಆಪರೇಷನ್ ಮಾಡಿದರೆ ಮುಚ್ಚುತ್ತದೆ. ಇಷ್ಟು ತಿಂಗಳು ಕಳೆದಿರುವುದರಿಂದ ನೋಟ ಎಷ್ಟು ತಿರುಗಿ ಬರುತ್ತದೋ ಹೇಳಲಾಗದು, ಫೆಬ್ರವರಿಯಲ್ಲೇ ಬಂದಿದ್ದರೆ ಚೆನ್ನಾಗಿತ್ತು ಎಂದರು ಆ ಡಾಕ್ಟರು. ಫೆಬ್ರವರಿಯಲ್ಲಿ ನಾನು ದಿನಾ ಅದೇ ಕಣ್ಣನ್ನು ಅಳೆಯುತ್ತಿದ್ದೆ.

ಅತ್ತೆ ಟ್ರೈನಿನುದ್ದಕ್ಕೂ ಅಳುತ್ತಲೇ ಬಂದರು. ಕಣ್ಣಿಗಾಗಿ ಅಲ್ಲ. “ಎಡಗಣ್ಣು ಬಿಟ್ಟಾಗ ಕನ್ನಡ್ಯಾಗ ನೋಡ್ದೆ, ಎಲ್ಲಾ ತಿರುಗಿ ನಿಂತಿದ್ದವು. ಎದಿ ಧಸಕ್ ಅಂತು. ನಿನ್ನ ಪರೀಕ್ಷಾ ಕೆಡಿಸಿಬಿಟ್ನೆಲ್ಲವಾ” ಅನ್ನುವುದೊಂದೇ. ನನಗೆ ಅವರನ್ನು ಬೈಯಬೇಕೋ ತಬ್ಬಿಕೊಳ್ಳಬೇಕೋ ತಿಳಿಯಲಿಲ್ಲ. ಸಿಟ್ಟು ಬಂದಿತ್ತು, ನಿಜವಾಗಿ ಬಂದಿತ್ತು. ಕೈ ಹಿಡಿದುಕೊಂಡೆ.

ಏಪ್ರಿಲ್ 22, ಬುಧವಾರ

ಶೆನ್ ಚೀಲ ತೆಗೆದು ಜಾಗ ಕೊಟ್ಟರು. ಕೂತೆ.

“ಮುಗಿಸದ ಭಾಗಗಳಿಗೆ ಸೊನ್ನೆ ಹಾಕಿದ್ದೇನೆ” ಎಂದರು. “ಕೂಡಿಸಿದರೆ ಪಾಸಾಗುವುದಿಲ್ಲ.”

“ಗೊತ್ತು ಡಾಕ್ಟರ್.”

“ಆದದ್ದನ್ನು ಆದ ಹಾಗೆ ಇನ್ನೊಂದು ಹಾಳೆಯಲ್ಲಿ ಬರೆದು, ನಿನ್ನ ಸೀಟಿನ ತೀರ್ಮಾನ ಮಾಡುವ ಕಮಿಟಿಗೆ ಕೊಟ್ಟಿದ್ದೇನೆ. ಅವರು ನಿನ್ನನ್ನು ಕರೆಯುತ್ತಾರೆ. ನನಗೆ ಓಟಿಲ್ಲ.” ಚೀಲದಿಂದ ಕಿತ್ತಳೆ ತೆಗೆಯುತ್ತಾ, “ಎರಡು ತಿಂಗಳು ಒಂದೇ ಚಾರ್ಟ್ ಇಟ್ಟಿದ್ದೆಯಾ?” ಎಂದು ಕೇಳಿದರು.

“ಒಂದೇ.”

“ಹ್ಞೂಂ” ಎಂದು ಕಿತ್ತಳೆ ಸುಲಿದರು. ನನಗೆ ಬೇಡ ಡಾಕ್ಟರ್, ಗಂಟಲಿಗೆ ಆಗುವುದಿಲ್ಲ ಎಂದೆ. ಆಶ್ಚರ್ಯದಿಂದ ನೋಡಿ ಪೂರ್ತಿ ತಾವೇ ತಿಂದರು.

ಏಪ್ರಿಲ್ 30, ಗುರುವಾರ

ಕಮಿಟಿಯಲ್ಲಿ ಐದು ಜನ. ಡೀನ್ ಒಳ್ಳೆಯ ಮನುಷ್ಯ, ನನಗೆ ದಾರಿ ಮಾಡಿಕೊಡಲೆಂದೇ ಕೇಳಿದರು: “ಮನೆಯಲ್ಲಿಯೇ ನಿಮಗೆ ಅನುಮಾನ ಬಂದಿತ್ತು, ಪರೀಕ್ಷೆಯಲ್ಲಿ ಖಚಿತವಾಯಿತು, ಅಲ್ಲವೇ?” ಹೌದು ಅಂದಿದ್ದರೆ ಮುಗಿಯುತ್ತಿತ್ತು.

“ಇಲ್ಲ” ಎಂದೆ. “ಎರಡು ತಿಂಗಳು ಅಳೆದೆ, ಗೊತ್ತಾಗಲಿಲ್ಲ. ತಲೆ ಓರೆ ಮಾಡುತ್ತಿದ್ದರು, ನೋಡಿಯೂ ನೋಡಲಿಲ್ಲ. ಆ ಕೋಣೆಯಲ್ಲಿ ಕನ್ನಡಿ ಇರದಿದ್ದರೆ ಇವತ್ತಿಗೂ ಗೊತ್ತಾಗುತ್ತಿರಲಿಲ್ಲ.”

ಡೀನ್ ಮುಖ ಸಪ್ಪೆಯಾಯಿತು. ಮನೆಗೆ ಬಂದು ಪ್ರಸಾದ್‌ಗೆ ಹೇಳಿದರೆ, “ನೀನ್ಯಾಕೆ ಹಾಗೆ ಹೇಳಕ್ಕೋದೆ?” ಎಂದು ರೇಗಿದ. ಶನಿವಾರ ಅವನ ಆಫೀಸಿನವರು ಬರುವುದಿತ್ತು. ಬೇಡ, ನನ್ನಿಂದಾಗುವುದಿಲ್ಲ ಅಂದೆ. ಫೋನ್ ಮಾಡಿ ಬೇಡವೆಂದ.

ಮೇ 8, ಶುಕ್ರವಾರ

ಇಲ್ಲಿ ಆಪರೇಷನ್ ನಮ್ಮ ಕೈಗೆಟುಕುವುದಿಲ್ಲ, ಟ್ರಾವೆಲ್ ಇನ್ಶೂರೆನ್ಸಿನವರು ಕಾಯಿಲೆ ‘ಮೊದಲಿಂದಲೇ ಇತ್ತು’ ಎಂದು ಕೈಯೆತ್ತಿದರು. ಹುಬ್ಬಳ್ಳಿಯಲ್ಲಿ ಒಳ್ಳೆಯ ಕಣ್ಣಾಸ್ಪತ್ರೆಯಿದೆ, ಸಿಂಧು ದಿನ ಗೊತ್ತು ಮಾಡಿದ್ದಾಳೆ. ಇವತ್ತು ಪ್ರಸಾದ್ ಅತ್ತೆಯನ್ನು ಕರೆದುಕೊಂಡು ಹೊರಟ. ಏರ್‌ಪೋರ್ಟಿನ ಸೆಕ್ಯೂರಿಟಿಯ ಹತ್ತಿರ ಅತ್ತೆ ತಲೆ ಓರೆ ಮಾಡಿ ನನ್ನ ಮುಖವನ್ನು ಎಡಗಣ್ಣಿನಿಂದ ಬಹಳ ಹೊತ್ತು ನೋಡಿದರು.

ಕಮಿಟಿಯ ಮೇಲ್ ನಿನ್ನೆ ಬಂತು. ನನ್ನನ್ನು ಕಾಲೇಜಿನಿಂದ ತೆಗೆದುಹಾಕಿಲ್ಲ. ಇಡೀ ಟರ್ಮ್ ಮತ್ತೆ ಮಾಡಬೇಕು, ಜೂನ್‌ನಿಂದ ಕ್ಲಿನಿಕ್, ಡಿಸೆಂಬರ್‌ನಲ್ಲಿ ಪರೀಕ್ಷೆ. ಇದೇ ಕೊನೆಯದು ಎಂದು ದಪ್ಪಕ್ಷರದಲ್ಲಿ ಬರೆದಿದ್ದಾರೆ. ಪರವಾಗಿ ಮೂರು ಓಟು, ವಿರುದ್ಧ ಎರಡಂತೆ. ಸಂತೋಷಪಡಬೇಕು. ಖಾಲಿ ಮನೆಗೆ ಬಂದು ಕಾರಿಡಾರಿನ ಚಾರ್ಟ್ ಕಿತ್ತೆ. ಬಲಗಡೆಯ ಅಂಚಿನಲ್ಲಿ ಗೋಡೆಯ ಮೇಲೆ ಅತ್ತೆಯ ಕೈಯ ಎಣ್ಣೆಯ ಗುರುತಿತ್ತು, ಹತ್ತಿರ ನಿಂತು ಒರಗಿಕೊಂಡು ಕಲಿತದ್ದು. ಅಲ್ಲೇ ಕೂತು ಅತ್ತುಬಿಟ್ಟೆ.

ಮೇ 19, ಮಂಗಳವಾರ

ಆಪರೇಷನ್ ಆಯಿತು. ಕಣ್ಣೊಳಗೆ ಗಾಳಿಯ ಗುಳ್ಳೆ ತುಂಬಿದ್ದಾರೆ, ಅದು ತೂತಿಗೆ ಒತ್ತಿಕೊಂಡಿರಬೇಕಾದರೆ ವಾರವಿಡೀ ಬೋರಲು ಮಲಗಿರಬೇಕು. ಸಿಂಧು ಮಂಚದ ಅಂಚಿಗೆ ಅತ್ತೆಯ ಮುಖ ಬರುವಂತೆ ಮಲಗಿಸಿ, ಕೆಳಗೆ ನೆಲದ ಮೇಲೆ ಫೋನ್ ಇಟ್ಟಿದ್ದಳು. ವೀಡಿಯೋದಲ್ಲಿ ಅತ್ತೆಯ ಮುಖ ಮೇಲಿನಿಂದ ತೂಗುಬಿದ್ದು ಕೆನ್ನೆಗಳೆಲ್ಲ ಇಳಿದಿದ್ದವು.

“ನೆಲಾ ನೋಡಿ ನೋಡಿ ಸಾಕಾತು” ಅಂದರು. “ಕಸಾ ಸರಿಯಾಗಿ ಹೊಡಿಯೂದಿಲ್ಲ ಇಕಿ.”

ಸಿಂಧು ಹಿಂದಿನಿಂದ ಏನೋ ಕೂಗಿದಳು. ನಗು ಬಂತು. ಫೋನ್ ಇಟ್ಟ ಮೇಲೆ ಊಟ ಮಾಡಿದೆ.

ಜೂನ್ 25, ಗುರುವಾರ

ಕೋಣೆ ಖಾಲಿ ಮಾಡಲು ಶೆನ್ ಇವತ್ತು ಕೊನೆಯ ಸಲ ಟ್ರೈನ್ ಹತ್ತಿದರು. ಮುಂದಿನ ತಿಂಗಳು ಝೆಜಿಯಾಂಗ್‌ಗೆ ಹೋಗಿ ಅಲ್ಲಿಯ ಮಕ್ಕಳಿಗೆ ಪಾಠ ಹೇಳುತ್ತಾರಂತೆ, ಎಲ್ಲ ಬೇಸಿಗೆಯ ಹಾಗೆ. ಆ ಹೆಡ್‌ಮಾಸ್ಟರು ಏನಾದರು ಎಂದು ಕೇಳಿದೆ. ತಿಳಿಯದು ಎಂದರು. “ಯೋಚಿಸುತ್ತೇನೆ ಅವರ ಬಗ್ಗೆ. ಮತ್ತೆ ಹಾಗಾದರೂ ನಾನು ಅದನ್ನೇ ಬರೆಯುತ್ತೇನೆ. ಆದರೆ ಯೋಚಿಸುತ್ತೇನೆ.”

ನ್ಯೂ ಬ್ರನ್ಸ್‌ವಿಕ್ ದಾಟುವಾಗ ಅತ್ತೆಯ ವೀಡಿಯೋ ಕಾಲ್ ಬಂತು. ಹುಬ್ಬಳ್ಳಿಯಲ್ಲಿ ಸಂಜೆ. ಗುಳ್ಳೆ ಕರಗಿದೆ, ಡಾಕ್ಟರು ತೂತು ಮುಚ್ಚಿದೆ ಎಂದರಂತೆ. ನೋಟ ಹೇಗಿದೆ ಎಂದರೆ, “ಚಲೋ ಐತಿ, ಎಲ್ಲಾ ಚಲೋ ಐತಿ” ಅಂದರು. ನಾನು ನಂಬಲಿಲ್ಲ. ಎಡಗಣ್ಣು ಮುಚ್ಚಿಕೊಳ್ಳಿ ಎಂದು ಈ ಪುಸ್ತಕದ ಹಾಳೆಯೊಂದನ್ನು ಹರಿದು, ಪೆನ್ನಿನಿಂದ ದಪ್ಪಗೆ ಮೂರು ಕಾಲಿನ E ಬರೆದು ಫೋನಿಗೆ ಹಿಡಿದೆ.

“ಕಾಲು ಯಾವ ಕಡೆ ಅತ್ತೆ?”

ಅವರ ಕೈ ಅಭ್ಯಾಸಬಲದಿಂದ ಮೇಲೆದ್ದಿತು. ಅರ್ಧಕ್ಕೆ ನಿಂತಿತು. ಆಮೇಲೆ ಮಡಿಲಿಗೆ ಇಳಿಯಿತು.

“ಗೊತ್ತಾಗವಲ್ದು ಯವ್ವಾ” ಅಂದರು.

ಪಕ್ಕದಲ್ಲಿ ಶೆನ್ ಬಗ್ಗಿ ನೋಡುತ್ತಿದ್ದರು. “ಏನಂದರು?”

“ಗೊತ್ತಾಗುತ್ತಿಲ್ಲ ಅಂದರು.”

“ಒಳ್ಳೆಯದು” ಎಂದರು ಶೆನ್. “ಈಗ ಅಳೆ.”

ಹಾಳೆಯ ಹಿಂದುಗಡೆ ಇನ್ನೂ ದೊಡ್ಡದಾಗಿ, ಹಾಳೆ ತುಂಬ ಬರೆದೆ. ಟ್ರೈನು ಅಲುಗುತ್ತಿತ್ತು, ಶೆನ್ ನನ್ನ ಮಣಿಕಟ್ಟು ಹಿಡಿದರು. ಅತ್ತೆ ಮುಖವನ್ನು ಫೋನಿನ ಹತ್ತಿರ ತಂದು, ಓರೆ ಮಾಡದೆ, ನೇರವಾಗಿ ಬಹಳ ಹೊತ್ತು ನೋಡಿದರು.

“ಕೆಳಗ” ಅಂದರು.

ಕೆಳಗೇ ಇತ್ತು.